ದುಶಿಕ್‌ನ ಮುದ್ದಾದ ಅಕ್ಷರ

ಅಕ್ಟೋಬರ್ 7, ಸೋಮವಾರ

ಟಿವಿ ಕಾಮಿಡಿ ಶೋನ ಮೀಟಿಂಗ್. ಎಂಟು ಸ್ಕಿಟ್‌ನಲ್ಲಿ ಆರು ಕಸದ ಬುಟ್ಟಿಗೆ. ನನ್ನದು ಉಳಿಯಿತು — ಅಪಾರ್ಟ್‌ಮೆಂಟಿನ ಮುದಿ ವಾಚ್‌ಮನ್, ಪ್ರತಿ ಕಾರಿಗೂ ಬಗ್ಗಿ ಬಗ್ಗಿ, ಕೊನೆಗೆ ಸೊಂಟ ನೆಟ್ಟಗಾಗದೆ ಹಾಗೇ ಮನೆಗೆ ಹೋಗುತ್ತಾನೆ. ನಮ್ಮ ಕಾಮಿಡಿಯನ್ ದುಶಿಕ್ ಮಾಡಿ ತೋರಿಸಿದ. ಪ್ರೊಡ್ಯೂಸರ್ ಚೊನ್ ನಕ್ಕರು. ಅವರು ನಗುವುದು ವರ್ಷಕ್ಕೆರಡು ಸಲ.

ಹದಿನೆಂಟು ವರ್ಷದಿಂದ ದುಶಿಕ್‌ನ ಬಾಯಿಗೆ ಮಾತು ಹಾಕುತ್ತಿದ್ದೇನೆ. ಅವನ ಸ್ವಂತದ್ದು ಬರೀ ಹಲ್ಲು.

ಅ. 14, ಸೋಮವಾರ

ನಿನ್ನೆ ಪ್ರಸಾರ, ಇವತ್ತು ಇಂಟರ್‌ನೆಟ್ಟಿನಲ್ಲಿ ಬೆಂಕಿ. ಇಂಚೋನ್ ನಗರದಲ್ಲಿ ತಾಕ್ ಎಂಬ ವಾಚ್‌ಮನ್ ಶುಕ್ರವಾರವೇ ಸತ್ತಿದ್ದಾನಂತೆ. ಕಾರಿನವರಿಗೆಲ್ಲ ಬಗ್ಗಲೇಬೇಕೆಂದು ನಿವಾಸಿಗಳು ಕಾಡಿದರಂತೆ. ತಾಳಲಾರದೆ ಪ್ರಾಣ ಕಳೆದುಕೊಂಡ. ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತೆಗೆಯುತ್ತಿದ್ದೆನೇ... ಒಳ್ಳೆಯ ಸ್ಕಿಟ್ ಅದು.

ಸಂಜೆ ದುಶಿಕ್ ಬಂದ. ಅವನ ಹೆಸರಿನಲ್ಲಿ ನೆಟ್‌ನಲ್ಲಿ ಕ್ಷಮಾಪಣೆ ಪತ್ರ ಹಾಕಬೇಕು, ಕೈಯಲ್ಲೇ ಬರೆದದ್ದು. ಟೈಪ್ ಮಾಡಿದರೆ ಜನ ಉಗಿಯುತ್ತಾರೆ.

"ಅಕ್ಕಾ, ನನ್ನ ಅಕ್ಷರ ನೋಡಿದೀಯಲ್ಲ. ಕೋಳಿ ಕೆದರಿದ ಹಾಗೆ. ನೀನೇ ಬರ್ದುಕೊಡು."

"ಹೆಸರು ನಿಂದು, ಕೈ ನಂದಾ?"

"ಜೋಕೂ ನಿಂದೇ ಅಲ್ವಾ."

ನಾಲ್ಕು ಡ್ರಾಫ್ಟ್. ಮೂರನೆಯ ಸಾಲಿನಲ್ಲಿ ಬೇಕೆಂದೇ ಕೈ ನಡುಗಿಸಿದೆ. ಚೆನ್ನಾಗಿ ಬಂತು.

ಅ. 16

ಜನ ಕರಗಿದ್ದಾರೆ. 'ಎಷ್ಟು ಮುದ್ದಾದ ಅಕ್ಷರ, ಮನಸ್ಸೂ ಹಾಗೇ ಇರುತ್ತೆ.' ನಡುಗಿದ ಸಾಲಿಗೆ ಕೆಂಪು ಗೆರೆ ಎಳೆದು ಹಂಚುತ್ತಿದ್ದಾರೆ. ಮಧ್ಯಾಹ್ನದಿಂದ ಹೊಸ ಪ್ರಶ್ನೆ — ಸ್ಕಿಟ್ ಬರೆದವರು ಯಾರು? ಐದು ಗಂಟೆಯೊಳಗೆ ನನ್ನ ಹೆಸರು, ಫೋಟೋ, ಓದಿದ ಕಾಲೇಜು. ಪ್ಯೋ ಇನ್‌ಸುಕ್, ವಯಸ್ಸು ನಲವತ್ತಾರು, ಮದುವೆಯಾಗಿಲ್ಲ. ಮದುವೆಗೂ ಇದಕ್ಕೂ ಏನು ಸಂಬಂಧವೋ.

ಅ. 18

ಚೊನ್ ಕರೆಸಿದರು.

"ಇನ್‌ಸುಕ್ ಅವರೇ, ನೀವೂ ಒಂದು ಬರೀರಿ. ಕೈಯಲ್ಲೇ."

"ಸಾರ್, ನನ್ನ ಅಕ್ಷರ..."

"ಗೊತ್ತು. ಅದು ಈಗ ದುಶಿಕ್‌ದು. ಬೇರೆ ಏನಾದ್ರೂ ಮಾಡಿ."

ಎಡಗೈಯಲ್ಲಿ ಬರೆದೆ. ಒಂದು ಪುಟಕ್ಕೆ ಇಡೀ ಮಧ್ಯಾಹ್ನ.

ಅ. 19

'ಹದಿನೆಂಟು ವರ್ಷ ಬರೆದೇ ಹೊಟ್ಟೆ ಹೊರೆದವಳ ಅಕ್ಷರ ಇದಾ? ಗೇಲಿ ಮಾಡ್ತಿದಾಳೆ.' 'ದುಶಿಕ್‌ನ ನೋಡಿ ಕಲಿ.'

ದುಶಿಕ್ ಫೋನ್ ಮಾಡಿದ. ನಗು ತಡೆದುಕೊಂಡಿದ್ದ, ಕಳ್ಳ. "ಅಕ್ಕಾ, ಸ್ವಲ್ಪ ನೀಟಾಗಿ ಬರೀಬಾರ್ದಿತ್ತಾ?"

ಹೊಟ್ಟೆ ಉರಿಯಿತು. ಒಳ್ಳೆಯ ಜೋಕು. ಹದಿನೆಂಟು ವರ್ಷದಲ್ಲಿ ಅವನು ತಾನೇ ಹೇಳಿದ ಮೊದಲನೆಯದು.

ನವೆಂಬರ್ 2

ಚಾನೆಲ್ ಗೇಟಿನಲ್ಲಿ ನನ್ನ ಪಾಸ್ ಕೆಲಸ ಮಾಡುತ್ತಿಲ್ಲ. ಚೊನ್ ಫೋನಿನಲ್ಲೇ ಮುಗಿಸಿದರು — ತಾಕ್‌ನ ಹೆಂಡತಿ ಕ್ಷಮಿಸಿದರೆ ವಾಪಸ್ ಬನ್ನಿ. ಇಲ್ಲದಿದ್ದರೆ ಯಾವ ಚಾನೆಲ್ಲಿನವರೂ ಮುಟ್ಟುವುದಿಲ್ಲ.

ಬರೆಯುವುದು ಬಿಟ್ಟರೆ ನನಗೆ ಏನೂ ಬಾರದು. ಅನ್ನ ಬೇಯಿಸಲೂ ಬಾರದು.

ನ. 5

ಇಂಚೋನ್. ಒಂದೇ ಕೋಣೆಯ ಮನೆ. ತಾಕ್‌ನ ಹೆಂಡತಿ ಬಾರ್ಲಿ ಟೀ ಕೊಟ್ಟರು. ಗಂಡನ ಫೋಟೋ ಪಕ್ಕದಲ್ಲಿ ದುಶಿಕ್‌ನ ಪತ್ರ. ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಿದ್ದಾರೆ.

"ದಿನಾ ಓದ್ತೀನಮ್ಮ. ನಮ್ಮನೆಯೋರು ಹೋದ್ರು ಅಂತ ಒಬ್ಬನಿಗಾದ್ರೂ ನೋವಾಯ್ತಲ್ಲ." ನನ್ನ ಕಡೆ ತಿರುಗಿದರು. "ನಿಂದೂ ನೋಡ್ದೆ. ಮನಸಿಲ್ದೆ ಬರ್ದಿದೀಯ. ಇದನ್ನ ನೋಡ್ಕೊಂಡು ಹತ್ತು ಸಲ ಬರ್ಕೊಂಡು ಬಾ. ಆಮೇಲೆ ಮಾತಾಡೋಣ."

ಫೋನಿನಲ್ಲಿ ಫ್ರೇಮಿನೊಳಗಿನ ನನ್ನದೇ ಪತ್ರದ ಫೋಟೋ ತೆಗೆದುಕೊಂಡು ಬಂದೆ.

ನ. 9, ಶನಿವಾರ

ಹತ್ತೂ ಎಡಗೈಯಲ್ಲಿ. ಆಕೆ ಒಂದೊಂದೇ ಹಾಳೆ ತಿರುಗಿಸಿದರು.

"ಇಲ್ಲಮ್ಮ. ಆ ಹುಡುಗನಲ್ಲಿ ಇರೋದು ನಿನ್ನಲ್ಲಿ ಇಲ್ಲ."

ಸುಮ್ಮನಿದ್ದಿದ್ದರೆ ಇನ್ನೊಂದು ಹತ್ತು ಬರೆಸಿ ಕ್ಷಮಿಸುತ್ತಿದ್ದರೇನೋ. ಆಗಲಿಲ್ಲ. ಪಶ್ಚಾತ್ತಾಪವಲ್ಲ, ಸೊಕ್ಕು. ಪೆನ್ನು ಬಲಗೈಗೆ ತೆಗೆದುಕೊಂಡು, ಫ್ರೇಮಿನ ಕಡೆ ನೋಡದೆ, ಮೊದಲ ಮೂರು ಸಾಲು ಬರೆದು ಕೊಟ್ಟೆ.

ಕನ್ನಡಕ ಹಾಕಿಕೊಂಡರು. ಹಾಳೆ ನೋಡಿದರು, ಫ್ರೇಮ್ ನೋಡಿದರು, ಮತ್ತೆ ಹಾಳೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಫ್ರೇಮನ್ನು ಮಗುಚಿ ಇಟ್ಟರು.

"ಹಾಗಾದ್ರೆ... ಯಾರಿಗೂ ಏನೂ ಅನ್ನಿಸ್ಲೇ ಇಲ್ವಾ?"

ನನಗೆ ಅನ್ನಿಸಿತು ಎನ್ನಬಹುದಿತ್ತು. ಅಂಥ ಸಾಲು ನನಗೆ ಸಲೀಸು. ಆಕೆ ಕಾಯುತ್ತಿದ್ದರು. ಬಾಯಿ ತೆರೆದೆ —