ಕೆಳಗಿನ ಅರ್ಧ ಹಸಿರು

ಮೇಫೀಲ್ಡ್ ರಸ್ತೆ, ಕೆಂಟಕಿ
ಅಕ್ಟೋಬರ್ 24

ಪ್ರೀತಿಯ ತಮ್ಮ ಹಾಯ್ಟ್,

ಈ ಕಾಗದವನ್ನು ಗುರುವಾರ ಪಡೂಕಾದಲ್ಲಿ ನಿನ್ನ ಹಡಗು ಹತ್ತುವ ಹೊಸ ಅಡುಗೆಯವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮೊದಲ ಮಾತಿಗೆ "ಹೂಂ" ಎನ್ನುತ್ತೀಯ, ಎರಡನೆಯದಕ್ಕೆ ಎಂಜಿನ್ನಿನ ಸದ್ದು ಜಾಸ್ತಿ ಎನ್ನುತ್ತೀಯ. ನಾನು ಹೇಳಬೇಕಾದದ್ದು ಮೂರನೆಯ ಮಾತಿನ ನಂತರ ಶುರುವಾಗುತ್ತದೆ.

ಆಗಸ್ಟಿನಲ್ಲಿ ನೀನು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ: "ಅಕ್ಕ, ಜಿಂಕೆ ಹೊಲ ಹಸಿರಾಗಿದ್ರೆ ಬೇಟೆ ಶುರುವಾಗೋ ದಿನಕ್ಕೆ ಮನೆಗೆ ಬರ್ತೀನಿ. ಬರೀ ಮಣ್ಣಿದ್ರೆ ಇನ್ನೊಂದು ಸರದಿ ಹಡಗಲ್ಲೇ ಇರ್ತೀನಿ, ಕಂಪನಿಗೆ ನವೆಂಬರ್ ಒಂದನೇ ತಾರೀಕಿನೊಳಗೆ ಹೇಳಬೇಕು." ಅಪ್ಪ ಹೋದ ಮೇಲೆ ಮೂರು ನವೆಂಬರ್ ನೀನು ಹೀಗೇ ಹೆಚ್ಚುವರಿ ಸರದಿ ಹಿಡಿದು ನದಿಯ ಮೇಲೆ ಉಳಿದುಬಿಟ್ಟೆ. ಈ ಸಲ ಒಂದು ಷರತ್ತನ್ನಾದರೂ ಹಾಕಿದೆಯಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಮಳೆಯ ವಿಷಯ ಕೇಳುವುದನ್ನೇ ಮರೆತೆ.

ಮಳೆ ಬರಲಿಲ್ಲ. ಆಗಸ್ಟ್ ಹನ್ನೊಂದರಿಂದ ಅಕ್ಟೋಬರ್ ಎಂಟರವರೆಗೆ ನನ್ನ ಮಳೆಮಾಪಕದಲ್ಲಿ ಬಿದ್ದದ್ದು ಎರಡು ಜೀರುಂಡೆ. ಕೊಳಾಯಿ ನೀರು ಬಿಡೋಣವೆಂದರೆ, ಹುಲ್ಲಿಗೆ ನೀರು ಹಾಕಬೇಡಿ ಎಂದು ಊರಿಗೆಲ್ಲ ನೋಟಿಸು ಅಂಟಿಸುವವಳು ನಾನೇ. ನೀರು ಕಚೇರಿಯ ಗುಮಾಸ್ತೆಯೇ ನೀರು ಕದ್ದು ಜಿಂಕೆಗೆ ಮೇವು ಬೆಳೆಸಿದಳೆಂದು ಪೇಟೆಯವರು ಆಡಿಕೊಳ್ಳುವುದು ಬೇಡ.

ಬೇಟೆಯ ಕಾಲಕ್ಕೆ ಜಿಂಕೆಗಳನ್ನು ಸೆಳೆಯಲು ಅಪ್ಪ ಬಿತ್ತುತ್ತಿದ್ದ ಆ ಹೊಲವನ್ನು ನೀನು ಬರೆದುಕೊಟ್ಟ ಚೀಟಿಯಂತೆಯೇ ಶುರುಮಾಡಿದೆ. ಅಪ್ಪನ ಕ್ರಮವೂ ಅದೇ: ಮೂರು ಸಲ ಡಿಸ್ಕ್ ನೇಗಿಲು ಹೊಡೆ, ಮಣ್ಣು ಮುಖಕ್ಕೆ ಹಚ್ಚುವ ಪೌಡರಿನಂತಾಗಬೇಕು, ಆಮೇಲೆ ಗೋಧಿ, ಆಮೇಲೆ ಕ್ಲೋವರ್ ಮೇವಿನ ಸೊಪ್ಪು. ಸೆಪ್ಟೆಂಬರ್ ಮೊದಲ ಶನಿವಾರ ಹೊಲದ ಮೇಲಿನ ಅರ್ಧಕ್ಕೆ ಮೂರು ಸಲ ಹೊಡೆದೆ. ಪೌಡರೇನೋ ಆಯಿತು. ಆದರೆ ಅದು ಹೊಲದಲ್ಲಿ ಉಳಿಯಲಿಲ್ಲ. ಟ್ರ್ಯಾಕ್ಟರ್ ತಿರುಗಿಸಿ ನೋಡಿದರೆ ಬೇಲಿಯಾಚೆಯಿಂದ ಪಕ್ಕದ ಮನೆಯ ಓರ್ಫಾ ಅಜ್ಜಿ ಬರುತ್ತಿದ್ದರು. ಎಂಬತ್ತೊಂದು ವರ್ಷ, ಕೈಯಲ್ಲಿ ಕೋಲಿಲ್ಲ, ಒಗೆದು ಹರವಿದ್ದ, ಈಗ ಧೂಳು ಹಿಡಿದ ಒಂದು ಚಾದರವಿತ್ತು.

"ಲೀಟಾ, ನಿಮ್ಮ ಹೊಲ ನಮ್ಮ ಬಟ್ಟೆ ಹಗ್ಗದ ಮೇಲೆ ಒಣಗ್ತಾ ಇದೆ. ವಾಪಸ್ ಬೇಕಾದ್ರೆ ಬಂದು ಕೊಡವ್ಕೊಂಡು ಹೋಗು."

ನಾನು ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳದೆ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಊದಿದರು. "ಇದ್ದ ಒಂದಿಷ್ಟು ತೇವಾನೂ ಕೆದಕಿ ಹಾರಿಸ್ಬಿಟ್ಟೆಯಲ್ಲೇ. ಒಣಗಿದ ವರ್ಷ ಮಣ್ಣು ಬಿಚ್ಚಬಾರದು. ಕೆಳಗಿನ ಅರ್ಧ ಮುಟ್ಟಬೇಡ. ಕಳೆ ಇದ್ದ ಹಾಗೇ ಬೀಜ ಎಸೆದು, ಕಳೇನೇ ಅದರ ಮೇಲೆ ಮಲಗಿಸು."

"ಅಪ್ಪ ಯಾವತ್ತೂ ಹಾಗೆ ಮಾಡಿರಲಿಲ್ಲ ಅಜ್ಜಿ."

"ನಿಮ್ಮಪ್ಪ ಒಳ್ಳೆ ಮನುಷ್ಯ. ಆದ್ರೆ ಅವನ ಹೊಲಕ್ಕಿಂತ ಜಾಸ್ತಿ ಜಿಂಕೆ ನನ್ನ ಹಿತ್ತಲಿಗೆ ಬರ್ತಿದ್ವು. ಅವನಿಗೂ ಗೊತ್ತಿತ್ತು. ಅದಕ್ಕೇ ನನ್ನ ಹತ್ರ ಮಾತು ಕಮ್ಮಿ."

ನಾನು ನಿನ್ನ ಚೀಟಿಯನ್ನೇ ನಂಬಿದೆ. ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಿತ್ತುವ ಚೀಲವನ್ನು ಎದೆಗೆ ಕಟ್ಟಿಕೊಂಡು, ಹಿಡಿ ತಿರುಗಿಸುತ್ತಾ ಮೇಲಿನ ಅರ್ಧಕ್ಕೆ ಬಿತ್ತಿದೆ. ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಹೋದರೆ, ಹತ್ತೊಂಬತ್ತು ಕಾಡು ಟರ್ಕಿ ಕೋಳಿಗಳು ಶಾಲೆ ಮಕ್ಕಳಂತೆ ಸಾಲಾಗಿ, ನಾನು ನಡೆದ ಹೆಜ್ಜೆಯಲ್ಲೇ ನಡೆದು ಒಂದೊಂದೇ ಕಾಳನ್ನು ಎತ್ತುತ್ತಿದ್ದವು. ಕೂಗಿದೆ, ಚಪ್ಪಾಳೆ ತಟ್ಟಿದೆ. ಅವು ತಲೆ ಎತ್ತಿ ನೋಡಿ, ಬಿತ್ತಿದವಳು ಇವಳೇ ಎಂದು ಗುರುತು ಹಿಡಿದಂತೆ ಮತ್ತೆ ತಿನ್ನತೊಡಗಿದವು.

ಮತ್ತೆ ಬೀಜ ತರಲು ಹೋದಾಗ ಅಂಗಡಿಯ ವರ್ಜಿಲ್ ಕೇಳಿದ, "ಮೊದಲಿನದು ಏನಾಯ್ತು?" ಕೋಳಿ ತಿಂದವು ಎಂದೆ. "ಹಾಗಾದ್ರೆ ಈ ಸಲ ನೇರ ಅವಕ್ಕೇ ಮಾರ್ತೀನಿ, ನೀನು ಮಧ್ಯೆ ಓಡಾಡೋದು ಯಾಕೆ?" ಎಂದ. ಅಂಗಡಿಯಲ್ಲಿದ್ದ ನಾಲ್ಕೂ ಜನ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅವನು ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದ.

ಸೆಪ್ಟೆಂಬರ್ ಇಪ್ಪತ್ತೆಂಟರಂದು ನಿನ್ನ ಚೀಟಿಯನ್ನು ಡ್ರಾಯರಿನೊಳಗಿಟ್ಟು ಬಾಗಿಲೆಳೆದುಕೊಂಡು ಹೋದೆ. ಕೆಳಗಿನ ಅರ್ಧದ ಸೊಂಟದೆತ್ತರದ ಕಳೆಯೊಳಗೆ, ಎಲ್ಲಿ ಬೀಳುತ್ತದೆಂದು ಕಾಣದೆ, ಬೀಜ ಎಸೆದೆ. ಮರದ ದಿಮ್ಮಿಗೆ ಸರಪಳಿ ಕಟ್ಟಿ ಟ್ರ್ಯಾಕ್ಟರಿನ ಹಿಂದೆ ಎಳೆದೆ. ಓರ್ಫಾ ಅಜ್ಜಿ ಕುರ್ಚಿ ತರಿಸಿಕೊಂಡು ಬೇಲಿ ಪಕ್ಕ ಕೂತು, "ಎಡಕ್ಕೆ", "ಅಲ್ಲೇ ಬಿಟ್ಟೆ ನೋಡು", "ತಲೆ ಬಾಚೋ ಹಾಗೆ ಎಳಿ, ಜಡೆ ಕೀಳೋ ಹಾಗಲ್ಲ" ಎನ್ನುತ್ತಿದ್ದರು. ಮುಗಿದ ಮೇಲೆ ಹೊಲ ನಿದ್ದೆಯಿಂದ ಅರ್ಧಕ್ಕೆ ಎದ್ದವನ ತಲೆಯಂತಿತ್ತು. ಅಪ್ಪ ನೋಡಿದ್ದರೆ ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಳ್ಳುತ್ತಿದ್ದರು. ಆದರೆ ಕೋಳಿಗಳು ಬಂದು, ಸುತ್ತಾಡಿ, ಬರಿ ಬಾಯಲ್ಲಿ ಹೋದವು.

ಅಕ್ಟೋಬರ್ ಒಂಬತ್ತಕ್ಕೆ ಮಳೆ ಬಂತು. ಅರ್ಧ ಅಂಗುಲಕ್ಕೂ ಸ್ವಲ್ಪ ಕಡಿಮೆ. ಮೇಲಿನ ಅರ್ಧ ಅದನ್ನು ಕುಡಿದು ಎರಡೇ ದಿನಕ್ಕೆ ಹಪ್ಪಳದಂತೆ ಒಣಗಿ ಬಿರಿಯಿತು. ಕೆಳಗೆ, ಮಲಗಿದ ಕಳೆಯಡಿ ಕೈಯಿಟ್ಟರೆ ಆರನೆಯ ದಿನವೂ ತಣ್ಣಗಿತ್ತು. ಅದೇ ದಿನ ಗೋಧಿ ಮೊಳಕೆ ಕಂಡಿತು. ಅಲ್ಲೇ ಮಂಡಿಯೂರಿ ಕೂತು ಎಣಿಸತೊಡಗಿದೆ. ಇನ್ನೂರು ದಾಟಿದ ಮೇಲೆ ನನಗೇ ನಾಚಿಕೆಯಾಗಿ ಎದ್ದೆ.

ಈಗ ಪೈರು ನಾಲ್ಕು ಬೆರಳೆತ್ತರ ಇದೆ, ನಡುವೆ ಕ್ಲೋವರಿನ ಸಣ್ಣ ಎಲೆಗಳೂ ಇವೆ. ನಿನ್ನೆ ಸಂಜೆ ಒಂದು ಹೆಣ್ಣು ಜಿಂಕೆ, ಎರಡು ಮರಿ ಬಂದಿದ್ದವು. ಓಕ್ ಮರಗಳ ಕಡೆಯ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಗುರುತಿದೆ, ನನ್ನ ನಾಲ್ಕು ಬೆರಳಿನಷ್ಟು ಅಗಲ. ಅದು ಯಾವ ಗಾತ್ರದ ಗಂಡೆಂದು ನೀನೇ ಹೇಳಬೇಕು.

ಇನ್ನು ತಪ್ಪೊಪ್ಪಿಗೆ. ಮೊನ್ನೆ ಮೇಲಿನ ಅರ್ಧಕ್ಕೆ ಬೆನ್ನು ಹಾಕಿ ನಿಂತು ಕೆಳಗಿನದರ ಫೋಟೋ ತೆಗೆದೆ. ಬಹಳ ಚೆನ್ನಾಗಿ ಬಂದಿದೆ. ಹಸಿರಿಗೆ ಹೆಸರಾದ ಐರ್ಲೆಂಡಿನಿಂದ ಬಂತೆಂದರೂ ನಂಬುತ್ತೀಯ. ಅದನ್ನು ಕಳಿಸಿದ್ದರೆ ನೀನು ಬಂದೇ ಬರುತ್ತಿದ್ದೆ. ಬೆರಳು ಗುಂಡಿಯ ಮೇಲೂ ಇತ್ತು. ಕಳಿಸಲಿಲ್ಲ. ಮೂರು ವರ್ಷದ ನಂತರ ಬೇಟೆಗೆಂದು ಮನೆಗೆ ಬರುವವನನ್ನು ಗೇಟಿನಲ್ಲೇ ಸುಳ್ಳಿನಿಂದ ಎದುರುಗೊಳ್ಳಲು ಆಗಲಿಲ್ಲ.

ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಉದ್ದಕ್ಕೆ ಅಳೆದಿದ್ದೇನೆ: ಹಸಿರು ತೊಂಬತ್ತಾರು ಹೆಜ್ಜೆ, ಮಣ್ಣು ತೊಂಬತ್ತೊಂದು. ಮಣ್ಣಾದದ್ದು ನೀನೂ ಅಪ್ಪನೂ ಹೇಳಿದಂತೆ ಮಾಡಿದ ಭಾಗ. ಇದನ್ನು ಚುಚ್ಚಲು ಬರೆಯುತ್ತಿಲ್ಲ. ಸ್ವಲ್ಪ ಚುಚ್ಚಲು ಬರೆಯುತ್ತಿದ್ದೇನೆ. ಹಸಿರಾದರೆ ಬರುತ್ತೇನೆ, ಮಣ್ಣಾದರೆ ಬರುವುದಿಲ್ಲ ಎಂದೆ ನೀನು. ಅರ್ಧರ್ಧವಾದರೆ ಏನೆಂದು ನಾವಿಬ್ಬರೂ ಮಾತಾಡಿಕೊಂಡಿರಲಿಲ್ಲ.

ಓರ್ಫಾ ಅಜ್ಜಿಗೆ ಈ ಷರತ್ತಿನ ವಿಷಯ ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಅವನಿಗೆ ಹೆದರಿಕೆ ಹೊಲದ್ದಲ್ಲ ಕಣೇ. ಅಪ್ಪ ಇಲ್ಲದೆ ಒಬ್ಬನೇ ಅಲ್ಲಿ ಹೋಗಿ ಜಿಂಕೆ ಕಾಯ್ತಾ ಕೂರಬೇಕಲ್ಲ ಅಂತ. ನೀನು ಜೊತೆಗೆ ಕೂರ್ತೀನಿ ಅಂತ ಹೇಳಿದೀಯಾ?" ಹೇಳಿರಲಿಲ್ಲ. ನನಗೆ ಬೇಟೆ ಬರುವುದಿಲ್ಲ, ಕೂತಲ್ಲಿ ಕೆಮ್ಮುತ್ತೇನೆ, ನಸುಕಿನ ಚಳಿ ಆಗುವುದಿಲ್ಲ. ಆದರೂ ಈಗ ಹೇಳುತ್ತಿದ್ದೇನೆ: ನಾನು ಕೂರುತ್ತೇನೆ. ದಪ್ಪ ಕೋಟು ತಂದಿಟ್ಟಿದ್ದೇನೆ, ಕೆಮ್ಮಿಗೆ ಪುದೀನ ಗುಳಿಗೆಯೂ ಇದೆ.

ನೀನು ಬಾರದಿದ್ದರೂ ಜಿಂಕೆಗಳು ಬಂದು ಮೇಯುತ್ತವೆ, ಅವಕ್ಕೇನೂ ನಷ್ಟವಿಲ್ಲ. ನಾನು ಇಷ್ಟೆಲ್ಲ ಬಿತ್ತಿದ್ದು ಅವುಗಳಿಗಾಗಿ ಅಲ್ಲ, ಹಾಯ್ಟ್.

ನದಿ ಬಹಳ ಇಳಿದಿದೆ ಎಂದು ಕೇಳಿದೆ. ಹಗ್ಗ ಎಳೆಯುವಾಗ ಕೈ ಜೋಪಾನ. ನಿನ್ನ ಹಡಗಿನಡಿ ಯಾವಾಗಲೂ ಆಳ ಸಿಗಲಿ, ಒಂದನೇ ತಾರೀಕಿನೊಳಗೆ ಕಂಪನಿಗೆ ಹೇಳುವ ಮಾತು ನಿನ್ನ ಬಾಯಿಗೆ ಸುಲಭವಾಗಿ ಬರಲಿ.

ನಿನ್ನ ಅಕ್ಕ,
ಲೀಟಾ