ಕೋರ್ಟಿನಲ್ಲಿ ಮಂಡಿಯೂರಿದವನು

ಹೋಮ್ಸ್ ಕೌಂಟಿ, ಒಹಾಯೊ
ನವೆಂಬರ್ ೧೪, ಗುರುವಾರ

ಮುದ್ದಿನ ಮಗಳು ಲೊವೈನಾಗೆ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ಮಗುವಿಗೆ ಹಲ್ಲು ಬಂತೇ? ಈ ಚಳಿಗೆ ನನ್ನ ಮಂಡಿಗಳು ಹಟ ಹಿಡಿದಿವೆ, ಹಾಲು ಕರೆಯಲು ಕೂತರೆ ಏಳಲು ಬಿಡುವುದಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ಗೇಲಿ ಮಾಡುತ್ತಿದ್ದಳು. ಅವಳಿಲ್ಲದ್ದೇ ಒಳ್ಳೆಯದಾಯಿತೆಂದು ಮೊನ್ನೆ ಕೋರ್ಟಿನಲ್ಲಿ ಮೊದಲ ಸಲ ಅನ್ನಿಸಿತು.

ನಿನ್ನ ತಮ್ಮ ಎರ್ವಿನ್ ಕುಡಿದು ಟ್ರಕ್ ಓಡಿಸಿ, ಪಕ್ಕದ ತೋಟದ ಅಟ್ಲೀಯ ಕುದುರೆಗಾಡಿಗೆ ಗುದ್ದಿದ್ದು, ಅಟ್ಲೀಯ ಹೆಂಡತಿ ಮಲಿಂಡಾ ಅಲ್ಲೇ ತೀರಿಕೊಂಡದ್ದು ನಿನಗೆ ಗೊತ್ತೇ ಇದೆ. ಮೊನ್ನೆ ಅವನ ಮೇಲಿನ ಆರೋಪ ಓದಿ ಹೇಳುವ ದಿನ. ಕಿತ್ತಳೆ ಬಣ್ಣದ ಬಟ್ಟೆ ತೊಡಿಸಿ, ಕೈಕಾಲಿಗೆ ಸರಪಳಿ ಹಾಕಿ ಕರೆತಂದರು. ಸರ್ಕಾರ ಕೊಟ್ಟ ವಕೀಲೆ ಒಳ್ಳೆಯ ಹೆಂಗಸು. "ನೋಡಪ್ಪಾ, ಇವತ್ತು ಯಾರೂ ನಿನ್ನ ಕಥೆ ಕೇಳಲ್ಲ. ತಪ್ಪಿತಸ್ಥನಲ್ಲ ಅಂದ್ಬಿಡು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದು ಮೊದಲೇ ಹೇಳಿಕೊಟ್ಟಿದ್ದಳು. ಇವನು ತಲೆಯಾಡಿಸಿದ್ದ. ಎರ್ವಿನ್ ತಲೆಯಾಡಿಸಿದರೆ ನಂಬಬಾರದೆಂದು ಪಾಪ ಅವಳಿಗೇನು ಗೊತ್ತು!

ನ್ಯಾಯಾಧೀಶರು ಆರೋಪ ಓದಿದರು, ಬಾಯಿ ಬಿಡದೆ ಇರುವ ಹಕ್ಕು ನಿನಗಿದೆ ಎಂದರು, ಆಮೇಲೆ ಏನು ಹೇಳುತ್ತೀ ಎಂದು ಕೇಳಿದರು. ಇವನು ಸರಪಳಿ ಸಮೇತ ಧೊಪ್ಪನೆ ಮಂಡಿಯೂರಿದ. "ನಾನೇ ಮಾಡ್ದೆ. ಮಲಿಂಡಾನ ನಾನೇ ಕೊಂದೆ" ಅಂದ. ತಾನಿನ್ನೂ ಸಭೆ ಸೇರದಿದ್ದರೂ, ನಮ್ಮ ಆಮಿಶ್ ಸಭೆಯಲ್ಲಿ ದೊಡ್ಡವರು ಮಂಡಿಯೂರಿ ತಪ್ಪೊಪ್ಪಿಕೊಳ್ಳುವುದನ್ನು ನೋಡಿ ಬೆಳೆದವನಲ್ಲವೇ? ಅಲ್ಲಾದರೆ ಬಿಷಪ್ ಕ್ಷಮಿಸಿ ಕೈಹಿಡಿದು ಎಬ್ಬಿಸುತ್ತಿದ್ದರು. ಇಲ್ಲಿ ಇಬ್ಬರು ಪೊಲೀಸರು ಕಂಕುಳಿಗೆ ಕೈಹಾಕಿ ಎತ್ತಿದರು. "ಸುಮ್ನಿರೋ ಮಾರಾಯ!" ಎಂದು ವಕೀಲೆ ಅವನ ಬಾಯಿಗೇ ಕೈ ಅಡ್ಡ ಹಿಡಿದಳು. ಅವನ ಪರವಾಗಿ ತಪ್ಪಿತಸ್ಥನಲ್ಲವೆಂದು ನ್ಯಾಯಾಧೀಶರೇ ಬರೆದುಕೊಂಡರು. ಮೊದಲ ದಿನ ಕೋರ್ಟಿನಲ್ಲಿ ಹಾಗೆಯೇ ಅಂತೆ.

ಅಟ್ಲೀ ನನ್ನ ಬೆಂಚಿನಲ್ಲೇ ಕೂತಿದ್ದ. ಟೋಪಿ ಕೈಯಲ್ಲಿ ಹಿಡಿದು ಎದ್ದು, "ನಾವು ಕ್ಷಮಿಸಿದ್ದೀವಿ ಸ್ವಾಮಿ, ಹುಡುಗನ್ನ ಮನೆಗೆ ಕಳಿಸ್ಬಿಡಿ" ಅಂದ. "ನಿಮ್ಮ ದುಃಖ ಅರ್ಥವಾಗುತ್ತೆ. ಆದ್ರೆ ಈ ಕೇಸು ನಿಮ್ಮದಲ್ಲ, ಸರ್ಕಾರದ್ದು" ಎಂದರು ನ್ಯಾಯಾಧೀಶರು. ಅಟ್ಲೀ ಕೂತ. ಕ್ಷಮಿಸಿದ್ದಾನೆ, ನಿಜ. ಆದರೆ ಮಲಿಂಡಾ ಹೋದಾಗಿನಿಂದ ನನ್ನ ಮುಖ ನೋಡಿಲ್ಲ.

ವಿಚಾರಣೆಯವರೆಗೆ ಜಾಮೀನು ಕೊಟ್ಟಿದ್ದಾರೆ. ಆದರೆ ಎರ್ವಿನ್ ಅಟ್ಲೀಯ ಮನೆಯವರ ಹತ್ತಿರ ಸುಳಿಯಬಾರದು, ನಮ್ಮಿಬ್ಬರ ಮನೆಗೋ ಒಂದೇ ಬೇಲಿ. ಸಾಲದ್ದಕ್ಕೆ ಅವನ ಕಾಲಿಗೆ ಕಾವಲಿನ ಯಂತ್ರ ಕಟ್ಟುತ್ತಾರೆ, ಅದಕ್ಕೆ ದಿನವೂ ಕರೆಂಟ್ ಕೊಡಬೇಕು. ನಮ್ಮ ಮನೆಯಲ್ಲಿ ಸೀಮೆಎಣ್ಣೆ ದೀಪ ಎಂದು ನಾನು ಹೇಳಿದ್ದಕ್ಕೆ ಹಿಂದೆ ಯಾರೋ ಕಿಸಕ್ಕೆಂದರು. ಸಭೆಯ ಕಟ್ಟಳೆ ಮೀರಿ ನಮ್ಮವರಲ್ಲಿ ಯಾರ ಮನೆಯಲ್ಲಿದೆ ಕರೆಂಟ್? "ಬೇರೆ ಯಾರೂ ಇಲ್ವಾ ತಾತಾ?" ಎಂದು ವಕೀಲೆ ಕೇಳಿದಾಗ ನಿನ್ನ ಹೆಸರು ಹೇಳಿಬಿಟ್ಟೆ. ಅಂಥ ಮನೆ ಸಿಗುವವರೆಗೆ ಅವನು ಜೈಲಿನಲ್ಲೇ, ಅನ್ನನೀರು ಬಿಟ್ಟಿದ್ದಾನೆ ಕಣಮ್ಮಾ. ಏನಾದರೂ ಮಾಡಿಕೊಂಡಾನೆಂದು ಜೈಲಿನವರು ಹಾಸಿಗೆಯ ಬಟ್ಟೆಯನ್ನೂ ಕಿತ್ತುಕೊಂಡಿದ್ದಾರೆ. ನನಗೆ ಭಯವಾಗಿದೆ. ಗಂಡನನ್ನು ಕೇಳು, ಒಪ್ಪಿದರೆ ವಕೀಲೆಗೆ ಬೇಗ ಫೋನ್ ಮಾಡು. ನಂಬರ್ ಹಿಂಬದಿಯಲ್ಲಿದೆ.

ದೇವರು ನಿನ್ನ ಮನೆಯನ್ನು ಕಾಯಲಿ. ಮಗುವಿಗೆ ಮುತ್ತು.

ನಿನ್ನ ಅಪ್ಪ,
ಮಾಲನ್

ಮರೆತಿದ್ದೆ: ನಿನ್ನ ಅಮ್ಮನ ಮಣ್ಣಿಗೆ ನೀನು ಬಂದಾಗ, ಸಭೆ ಬಿಟ್ಟು ಹೋದವಳ ಜೊತೆ ಕೂತು ಉಣ್ಣಬಾರದೆಂದು ನಿನಗೆ ಮೂಲೆಯಲ್ಲಿ ಬೇರೆ ಮೇಜು ಹಾಕಿದ್ದೆವು. ಎರ್ವಿನ್‌ನನ್ನು ಬಿಡಲು ನಾನೇ ಬರುತ್ತೇನೆ, ಊಟದ ಹೊತ್ತಾಗುತ್ತದೆ. ಬಿಷಪ್‌ಗೆ ಹೇಳಿದ್ದಾಗಿದೆ; ವಾಪಸ್ ಬಂದಮೇಲೆ ಸಭೆಯ ಮುಂದೆ ಮಂಡಿಯೂರಬೇಕಂತೆ. ಈ ಹಾಳು ಮಂಡಿಯಲ್ಲೇ ಊರುತ್ತೇನೆ, ಬಿಡು. ನನ್ನ ತಟ್ಟೆ ನಿನ್ನ ಪಕ್ಕದಲ್ಲೇ ಇಡು.