ಉಲ್ಟಾ ಬಿದ್ದ ಲಾಕು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಭಾವನ ಮೊಣಕಾಲು ನೋವು ಕಡಿಮೆಯಾಯಿತೆ?

ಸೋಮವಾರ ನಮ್ಮ ಲೇತ್ ಶೆಡ್ಡಿಗೆ ಮ್ಯೂಸಿಯಂನವರೊಬ್ಬರು ಬಂದಿದ್ದರು. ಹಳೇ ಶೆಡ್ಡುಗಳನ್ನೆಲ್ಲ ಸುತ್ತುತ್ತಿದ್ದಾರಂತೆ. ಒಂದು ಫೋಟೋ ಮುಂದಿಟ್ಟರು. ಅದೇ ಅಕ್ಕ, ತಾತ ಮಾಡಿದ ಪಿಸ್ತೂಲು. ಅಪ್ಪ ಗುಂಡು ತಗುಲಿ ಹೋದ ದಿನ ಪೊಲೀಸರು ಒಯ್ದಿದ್ದು.

"ಒಂದು ಗುಂಡು ಹಾರಿದ್ರೆ ಮುಂದಿನದು ತಾನೇ ಏರಿ ಕೂರೋ ಜಾತಿ ಇದು. ಹೊರದೇಶದ ಪಿಸ್ತೂಲಿನ ಪಕ್ಕಾ ನಕಲು. ಆದ್ರೆ ಗುಂಡು ಹಾರದಂತೆ ತಡೆಯೋ ಲಾಕ್ ಮಾತ್ರ ಉಲ್ಟಾ. ಅದರಲ್ಲಿ ಮೇಲೆತ್ತಿದ್ರೆ ಲಾಕ್ ಆಗುತ್ತೆ, ಇದರಲ್ಲಿ ಬಿಟ್ಟುಕೊಳ್ಳುತ್ತೆ. ಇದು ಯಾರ ಕೈಕೆಲಸ, ಗೊತ್ತಾ?" ಅಂದರು.

"ಗೊತ್ತಿಲ್ಲ ಸಾರ್" ಅಂದೆ. ಪಕ್ಕದ ವೆಲ್ಡರ್, "ಲೇ ಪುಕ್ಕಲ, ಫೋಟೋದಲ್ಲಿರೋ ಪಿಸ್ತೂಲಿಗೇ ಇಷ್ಟು ಬೆವರಾ?" ಅಂತ ನಕ್ಕ.

ಗೊತ್ತಿಲ್ಲದೆ ಏನು? ಆಕಾರಕ್ಕೆ ಕತ್ತರಿಸಿದ ತಗಡಿನ ಅಚ್ಚನ್ನು ಬೋರಲು ಮಲಗಿಸಿ ಅದರ ಅಂಚಿನ ಗುಂಟ ಉಕ್ಕಿನ ಮೇಲೆ ಗೀಚುವುದು ತಾತನ ಪದ್ಧತಿ, ಗೀರು ಕಾಣದ ಒಳಮೈಗೆ ಹೋಗಲಿ ಅಂತ. ಬೇರೆ ಭಾಗಗಳಿಗೆ ಅದು ನಡೆಯುತ್ತದೆ. ಲಾಕಿಗೆ ಮಾತ್ರ ಮೇಲಿನ ಹಲ್ಲು ಕೆಳಗೆ ಬಂದು ಉಲ್ಟಾ ಆಗಿಬಿಡುತ್ತದೆ. ಆ ಅಚ್ಚು ಇವತ್ತಿಗೂ ನಮ್ಮ ಬೀರುವಿನಲ್ಲಿದೆ.

ಶನಿವಾರ ಅವರು ಮತ್ತೆ ಬರುತ್ತಾರೆ. ಅಚ್ಚು ತೋರಿಸಿದರೆ ಮುಂದಿನ ಪ್ರಶ್ನೆ ಅಪ್ಪನ ಸಾವಿನದೇ. ತೋರಿಸದಿದ್ದರೆ, "ಬೇಕಂತಲೇ ಗುಂಡು ಹಾರಿಸ್ಕೊಂಡು ನಮ್ಮನ್ನ ಬಿಟ್ಟು ಹೋದ್ರು" ಅಂತ ನೀನು ಸಾಯುವವರೆಗೂ ಅಪ್ಪನನ್ನು ಶಪಿಸುತ್ತೀಯ. ಅವರು ಬೇಕಂತ ಹೋಗಲಿಲ್ಲ ಅಕ್ಕ. ಲಾಕ್ ಬಿದ್ದಿದೆ ಅಂದುಕೊಂಡು ಪಿಸ್ತೂಲು ಒರೆಸುತ್ತಿದ್ದರು, ಅಷ್ಟೆ. ಅಚ್ಚು ತೋರಿಸಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಿನಗೆ ಗೊತ್ತಾಗಲಿ ಅಂತ ಬರೆದೆ.

ಮಕ್ಕಳು ಚೆನ್ನಾಗಿ ಬಾಳಲಿ, ನನ್ನ ಆಶೀರ್ವಾದ ಹೇಳು. ಭಾವನಿಗೂ ನಿನಗೂ ನಮಸ್ಕಾರ.

ನಿನ್ನ ತಮ್ಮ

ಮರೆತಿದ್ದೆ ಅಂತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಟ್ರಂಕಿನಿಂದ ಪಿಸ್ತೂಲು ತೆಗೆದುಕೊಟ್ಟವನು ನಾನು. "ಲಾಕ್ ಹಾಕಿದೀಯೇನೋ?" ಅಂತ ಅಪ್ಪ ಕೇಳಿದರು. ಶಾಲೆಯ ಲೈಬ್ರರಿ ಪುಸ್ತಕದಲ್ಲಿ ಆ ಹೊರದೇಶದ ಪಿಸ್ತೂಲಿನ ಚಿತ್ರದಲ್ಲಿ ಇದ್ದಂತೆ ಲಾಕ್ ಮೇಲೆತ್ತಿ, "ಹೂಂ ಅಪ್ಪ" ಅಂದೆ. ಅವರು ತಿರುಗಿಸಿಯೂ ನೋಡಲಿಲ್ಲ. ಓದುವ ಹುಡುಗ ಹೇಳಿದ್ದಾನೆ ಅಂತ ನಂಬಿದರು.